ಮೂರು ನಮೋ ಮರಿಯಾ, ಅಷ್ಟೇನಾ?

"ನಿಮ್ಮ ಫಾದರ್ ಮುಂದ ಹೋಗಿ ಎಲ್ಲಾ ಹೇಳಿ ಬರ್ತೀರಂತಲ್ಲ, ಖರೇನ್ರೀ?" ಬೆಳಗಾವಿಯಲ್ಲಿ ಕ್ರೈಸ್ತರ ಪಕ್ಕದ ಮನೆಯವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುವ ಪ್ರಶ್ನೆ ಇದು. ಕೇಳುವುದು ಪಾಪನಿವೇದನೆಯ ಬಗ್ಗೆ, ಅಂದರೆ ಮಾಡಿದ ಪಾಪವನ್ನು ಫಾದರ್ ಮುಂದೆ ಹೇಳಿ ಕ್ಷಮೆ ಪಡೆಯುವುದರ ಬಗ್ಗೆ. ಸಿನಿಮಾದಲ್ಲಿ ನೋಡಿರುತ್ತಾರೆ. ಮರದ ಗೂಡು, ನಡುವೆ ಜಾಲರಿ, ಆ ಕಡೆ ಪಾದ್ರಿ, ಈ ಕಡೆ ಅಳುತ್ತಾ ಕೂತ ಕೊಲೆಗಾರ. ನಿಜವಾಗಿ ಆ ಸಾಲಿನಲ್ಲಿ ನಿಲ್ಲುವವರು ಬಹುಮಟ್ಟಿಗೆ ನಮ್ಮಂಥವರೇ: ಆಸ್ತಿಗೋಸ್ಕರ ಅಣ್ಣನ ಜೊತೆ ಮಾತು ಬಿಟ್ಟವರು, ತೂಕದಲ್ಲಿ ಮೋಸ ಮಾಡಿದವರು, ವಯಸ್ಸಾದ ತಾಯಿಯ ಮೇಲೆ ದಿನಾ ರೇಗುವವರು.

ಅದಾದ ಮೇಲೆ ಎರಡನೇ ಪ್ರಶ್ನೆ. ದೇವರಿಗೇ ನೇರವಾಗಿ ಹೇಳಿದರೆ ಆಗಲ್ವಾ, ನಡುವೆ ಮನುಷ್ಯ ಯಾಕೆ?

ಹೇಳಬಹುದು, ಹೇಳುತ್ತೇವೆ ಕೂಡ. ಚರ್ಚಿನ ಬಲಿಪೂಜೆ (ಮಾಸ್) ಸಾಮಾನ್ಯವಾಗಿ ಶುರುವಾಗುವುದೇ ಪಾಪ ಒಪ್ಪಿಕೊಳ್ಳುವುದರಿಂದ. ಆದರೆ ಬೈಬಲಿನಲ್ಲಿ ಯೋಹಾನರ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಪುನರುತ್ಥಾನರಾದ ಯೇಸು, ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದ ಶಿಷ್ಯರಿಗೆ ಪಾಪ ಕ್ಷಮಿಸುವ ಅಧಿಕಾರ ಕೊಡುತ್ತಾರೆ. ನಮ್ಮ ಕ್ಯಾಥೊಲಿಕ್ ಧರ್ಮಸಭೆ ಹಿಡಿದುಕೊಂಡಿರುವುದು ಅದನ್ನೇ. ವರ್ಷಕ್ಕೆ ಒಂದು ಸಲವಾದರೂ ಪಾಪನಿವೇದನೆ ಮಾಡಲೇಬೇಕು ಅಂತ 1215ರಲ್ಲಿ ಬಿಷಪರೆಲ್ಲ ಸೇರಿದ್ದ ನಾಲ್ಕನೇ ಲ್ಯಾಟರನ್ ಮಹಾಸಭೆಯೇ ಕಟ್ಟಳೆ ಮಾಡಿತ್ತು.

ಇದು ಪುಸ್ತಕದ ಉತ್ತರ. ನನ್ನ ಉತ್ತರ ಬೇರೆ. ಒಬ್ಬನೇ ಕೂತು ದೇವರ ಹತ್ತಿರ ಮಾತಾಡುವಾಗ ನಾನು ಚೌಕಾಸಿ ಮಾಡುತ್ತೇನೆ. "ದೇವರೇ, ನಿನಗೆ ಎಲ್ಲಾ ಗೊತ್ತಲ್ವಾ" ಅಂದುಬಿಟ್ಟರೆ ಮುಗೀತು, ಒಂದನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಫಾದರ್ ಮುಂದೆ ಈ ಆಟ ನಡೆಯುವುದಿಲ್ಲ. ದೊಡ್ಡ ಪಾಪವಾದರೆ ಯಾವ ಪಾಪ, ಎಷ್ಟು ಸಲ, ಎರಡನ್ನೂ ಹೇಳಬೇಕು. ಅವನು ಹಾಗಂದ, ಅದಕ್ಕೇ ನಾನು ಹೀಗಂದೆ ಅನ್ನುವ ಪುರಾಣ ಅಲ್ಲಿ ಬೇಡ. (ಅತ್ತೆಯಂದಿರು ಹೋಗಿ ಸೊಸೆಯ ಪಾಪವನ್ನೆಲ್ಲಾ ಹೇಳಿ ಬರುತ್ತಾರೆ ಅನ್ನುವ ಹಳೇ ತಮಾಷೆ ಪೂರ್ತಿ ಸುಳ್ಳೇನಲ್ಲ ಬಿಡಿ.)

ನಮ್ಮ ಊರಿನಲ್ಲಿ ತಪ್ಪಿಸಿಕೊಳ್ಳಲು ಇನ್ನೊಂದು ದಾರಿ ಉಂಟು, ಭಾಷೆ. ಬೆಳಗಾವಿ ಕ್ಯಾಥೊಲಿಕರ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ ಇಲ್ಲವೇ ಮರಾಠಿ, ಕಾನ್ವೆಂಟಿನಲ್ಲಿ ಇಂಗ್ಲಿಷ್. ಪಾಪನಿವೇದನೆಗೆ ಮನೆಯಲ್ಲಿ ಅಜ್ಜಿಯರು ಇವತ್ತಿಗೂ ಕೊಂಕಣಿಯಲ್ಲಿ 'ಕುಮ್ಸಾರ್' ಅಂತಲೇ ಅನ್ನುವುದು. ಶಾಲೆಯಲ್ಲಿ ಕಲಿತವರು ಇಂಗ್ಲಿಷಿನಲ್ಲಿ ಹೇಳಿ ಬರುತ್ತಾರೆ, ಸಲೀಸಾಗಿ, ಆಫೀಸಿಗೆ ರಜೆ ಅರ್ಜಿ ಕೊಟ್ಟ ಹಾಗೆ. ಅದೇ ಪಾಪವನ್ನು, ಜಗಳ ಆಡಿದ ಭಾಷೆಯಲ್ಲೇ, ಬೈದ ಬೈಗುಳದ ಭಾಷೆಯಲ್ಲೇ ಹೇಳಿ ನೋಡಿ. ಗಂಟಲು ಒಣಗುತ್ತದೆ. ಅರ್ಥವಾಗುವ ಫಾದರ್ ಸಿಕ್ಕರೆ ಜಗಳದ ಭಾಷೆಯಲ್ಲೇ ಹೇಳುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ.

ಆದರೆ ನನಗೆ ನಿಜವಾಗಿ ಕಷ್ಟವಾಗುವುದು ಹೇಳುವುದಲ್ಲ. ಆಮೇಲಿನದು.

ಎಲ್ಲಾ ಕೇಳಿಸಿಕೊಂಡು ಫಾದರ್ ಎರಡು ಮಾತು ಹೇಳುತ್ತಾರೆ, ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ (ಮಾತೆ ಮರಿಯಮ್ಮನಿಗೆ ಹೇಳುವ ಪುಟ್ಟ ಪ್ರಾರ್ಥನೆ) ಹೇಳಿಕೊಳ್ಳಿ ಅನ್ನುತ್ತಾರೆ, ತಲೆಯ ಕಡೆ ಕೈ ಚಾಚಿ ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಪಾಪವಿಮೋಚನೆ ಕೊಡುತ್ತಾರೆ. ಹೊರಗೆ ಬಂದರೆ ಒಳಗೊಂದು ಗೊಣಗಾಟ. ಮೂರು ನಮೋ ಮರಿಯಾ, ಅಷ್ಟೇನಾ? ವರ್ಷವಿಡೀ ಮಾಡಿದ್ದಕ್ಕೆ ಎರಡು ನಿಮಿಷದ ಪ್ರಾರ್ಥನೆ?

ಹಾಗೆ ಅನಿಸುವುದಕ್ಕೆ ನಾವು ಬೆಳೆದ ಜಾಗವೂ ಕಾರಣ ಇರಬೇಕು. ಇದು ಹರಕೆಯ ನಾಡು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರನ್ನು, ದೀಡ ನಮಸ್ಕಾರ ಹಾಕುವವರನ್ನು ನೋಡುತ್ತಲೇ ದೊಡ್ಡವರಾದೆವು. ನಮ್ಮವರೂ ಕಡಿಮೆಯೇನಿಲ್ಲ. ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಬೆಳಗಾವಿ ಕಡೆಯಿಂದ ಹಳೇ ಗೋವಾದವರೆಗೆ ನಡೆದೇ ಹೋಗುತ್ತಾರೆ, ನೂರು ಕಿಲೋಮೀಟರಿಗೂ ಜಾಸ್ತಿ, ಘಟ್ಟ ಇಳಿದು, ಕಾಲಲ್ಲಿ ಬೊಬ್ಬೆ ಎದ್ದರೂ ನಿಲ್ಲದೆ. ಆ ಭಕ್ತಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಪಾಪನಿವೇದನೆಗೆ ಅದೇ ಲೆಕ್ಕ ಹಿಡಿದು ಹೋದರೆ ಎಡವಟ್ಟು. ಅಲ್ಲಿ ನಮ್ಮ ಕೈಯಿಂದ ಕಟ್ಟಿ ತೀರಿಸುವ ಬಾಕಿ ಇಲ್ಲ, ಅದು ಯೇಸುವಿನ ಶಿಲುಬೆಯ ಮೇಲೆ ತೀರಿದೆ. ಮೊದಲ ಶತಮಾನಗಳಲ್ಲಿ ದೊಡ್ಡ ಪಾಪ ಮಾಡಿದವರು ಎಲ್ಲರೆದುರೇ, ಕೆಲವೊಮ್ಮೆ ವರ್ಷಗಟ್ಟಲೆ, ಪ್ರಾಯಶ್ಚಿತ್ತದಲ್ಲಿ ಇರಬೇಕಿತ್ತು. ನನ್ನ ಸ್ವಭಾವಕ್ಕೆ ಅದೇ ಸರಿ ಅನಿಸುತ್ತದೆ, ಯಾಕೆಂದರೆ ಕಷ್ಟಪಟ್ಟೆ, ತೀರಿಸಿದೆ ಅಂತ ಎದೆಯುಬ್ಬಿಸಬಹುದು. ಮೂರು ನಮೋ ಮರಿಯಾ ಹೇಳಿ ಯಾರು ಎದೆಯುಬ್ಬಿಸುತ್ತಾರೆ? ಕೊಟ್ಟದ್ದನ್ನು ಸುಮ್ನೆ ಕೈಚಾಚಿ ತೆಗೆದುಕೊಳ್ಳಬೇಕು. ನನಗಂತೂ ಗೋವಾಕ್ಕೆ ನಡೆಯುವುದೇ ಸುಲಭ ಅನಿಸಿದ್ದುಂಟು.

ಹಾಗಂತ ಅಗ್ಗದ ವ್ಯವಹಾರ ಅಂದುಕೊಳ್ಳಬೇಡಿ. ಕದ್ದದ್ದನ್ನು ವಾಪಸ್ ಕೊಡಬೇಕು, ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸಿದ್ದರೆ ಸರಿಪಡಿಸಬೇಕು. ಇದು ನಮೋ ಮರಿಯಾದಲ್ಲಿ ವಜಾ ಆಗುವುದಿಲ್ಲ. ಲೂಕರ ಶುಭಸಂದೇಶದಲ್ಲಿ ಬರುವ ಸುಂಕದವ ಜಕ್ಕಾಯ ಮೋಸದ ದುಡ್ಡಿಗೆ ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಯೇಸು ಅವನ ಮನೆಗೆ ಬಂದ ಮೇಲೆ. ಮೊದಲು ಬಂದರು, ಆಮೇಲೆ ಕೈ ಬಿಚ್ಚಿತು. ಕಡೆಗೆ ಬದುಕು ಸರಿಮಾಡಿಕೊಳ್ಳುತ್ತೇನೆ ಅನ್ನುವ ಮನಸ್ಸಂತೂ ಇರಲೇಬೇಕು. ಅದಿಲ್ಲದೆ ಹೇಳಿದರೆ ಬರೀ ವರದಿ ಒಪ್ಪಿಸಿದಂತೆ.

ಗುಟ್ಟಿನ ಬಗ್ಗೆ ಹೆದರುವವರಿಗೆ ಒಂದು ಮಾತು. ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವ ಹಾಗಿಲ್ಲ, ಜೀವ ಹೋದರೂ. ಹೇಳಿದರೆ ಧರ್ಮಸಭೆಯಿಂದ ತಾನಾಗಿಯೇ ಬಹಿಷ್ಕಾರ. ಪ್ರಾಗ್ ನಗರದ ಪಾದ್ರಿ ಸಂತ ಜಾನ್ ನೆಪೊಮುಕ್ ಅವರನ್ನು 1393ರಲ್ಲಿ ನದಿಗೆ ಎಸೆದು ಕೊಂದರು. ರಾಣಿಯ ಪಾಪನಿವೇದನೆಯನ್ನು ರಾಜನಿಗೆ ಬಿಟ್ಟುಕೊಡಲಿಲ್ಲ ಅನ್ನುವುದೇ ಕಾರಣ ಅಂತ ಪರಂಪರೆ ಹೇಳುತ್ತದೆ. ಅಷ್ಟಕ್ಕೂ ನಮ್ಮ ಪಟ್ಟಿಯಲ್ಲಿ ಹೊಸದೇನಿರುತ್ತದೆ? ಅವರು ಕೇಳಿ ಕೇಳಿ ಸುಸ್ತಾಗಿರುತ್ತಾರೆ.

ಬಹಳ ವರ್ಷದಿಂದ ಹೋಗಿಲ್ಲ, ಪ್ರಾರ್ಥನೆ ಎಲ್ಲಾ ಮರೆತಿದೆ ಅನ್ನುವವರು ಅದನ್ನೇ ಮೊದಲ ಮಾತಾಗಿ ಹೇಳಿ. ಮುಂದಿನದನ್ನು ಫಾದರ್ ಕೈಹಿಡಿದು ಹೇಳಿಸುತ್ತಾರೆ. ಸ್ವಂತ ಊರಿನ ಫಾದರ್ ಮುಂದೆ ನಾಚಿಕೆಯಾದರೆ ಬೇರೆ ಚರ್ಚಿಗೆ ಹೋಗಿ, ತಪ್ಪೇನಿಲ್ಲ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರಕ್ಕೆ ಮಾತ್ರ ಕಾಯಬೇಡಿ. ಆ ವಾರ ಹೊರಗಿನ ಫಾದರ್‌ಗಳು ಬಂದು ಕೂತರೂ ಸಾಲು ಕರಗುವುದಿಲ್ಲ, ಹಿಂದೆ ನಿಂತವರು ಗಡಿಯಾರ ನೋಡುತ್ತಿರುತ್ತಾರೆ. ಮಾಮೂಲಿ ಶನಿವಾರ ಸಂಜೆ ಹೋದರೆ ನಿಧಾನವಾಗಿ ಮಾತಾಡಲು ಸಮಯ ಸಿಗುತ್ತದೆ.