ಡಿಯೋದಿಂದ ಡಿಯೋರ್ ತನಕ: ಸೆಂಟಿನ ಪ್ರಯೋಗ ಎಲ್ಲಿಗೆ ಬಂತು

ಅಗ್ಗದ ಸೆಂಟು, ದುಬಾರಿ ಸೆಂಟು ಎರಡನ್ನೂ ಹಾಕಿ ಹೋಲಿಸಿ ನೋಡುತ್ತಿದ್ದೇನೆ. ಹಿಂದಿನ ಸಲ ಇದರ ಬಗ್ಗೆ ಬರೆದಾಗ ಇನ್ನೂ ಡಿಯೋ ಹಂತದಲ್ಲೇ ಇದ್ದೆ. ಈಗ ಸ್ವಲ್ಪ ಮುಂದೆ ಬಂದಿದ್ದೇನೆ. ಗುರಿ ಬದಲಾಗಿಲ್ಲ: ಆಫೀಸಿಗೆ ದಿನಾ ಹಾಕಲು ಒಂದು, ಮದುವೆ ಮುಂಜಿಗೆ ಒಂದು. ಎರಡೇ ಬಾಟಲಿ. ಬೀರುವಿನಲ್ಲಿ ಸಾಲಾಗಿ ಜೋಡಿಸಿ ಫೋಟೋ ತೆಗೆಯುವ ಆಸೆ ಇಲ್ಲ, ಅಷ್ಟು ದುಡ್ಡೂ ಇಲ್ಲ.

ಪರೀಕ್ಷೆ ಮಾಡುವ ರೀತಿ ಹೀಗಿದೆ. ಸ್ನಾನ ಆದಮೇಲೆ ಎಡ ಮುಂಗೈಗೆ ಅಗ್ಗದ್ದು, ಬಲಕ್ಕೆ ದುಬಾರಿಯದ್ದು. ಹೊಡೆದ ತಕ್ಷಣ ತೀರ್ಪು ಕೊಡುವುದಿಲ್ಲ. ಮೆಟ್ರೋದಲ್ಲಿ ಒಂದು ಸಲ ಮೂಸುತ್ತೇನೆ, ಹನ್ನೊಂದರ ಕಾಫಿ ಹೊತ್ತಿಗೆ ಒಂದು ಸಲ, ಊಟಕ್ಕೆ ಮುಂಚೆ ಒಂದು ಸಲ. ನಿಂಬೆ, ಕಿತ್ತಳೆ ಜಾತಿಯ ಎಣ್ಣೆಗಳು ಹಗುರ, ಅವು ಬೇಗ ಹಾರಿಹೋಗುತ್ತವೆ. ಮರ, ಗೋಂದು, ಕಸ್ತೂರಿ ಥರದ ಭಾರದ ವಾಸನೆಗಳು ಕೊನೆಯವರೆಗೆ ಉಳಿಯುತ್ತವೆ. ಮಾಲ್‌ನಲ್ಲಿ ಕಾಗದದ ಪಟ್ಟಿಗೆ ಹೊಡೆದು ಮೂಗಿನ ಹತ್ತಿರ ಹಿಡಿಯುತ್ತಾರಲ್ವಾ, ಅಲ್ಲಿ ನಮಗೆ ಸಿಗುವುದು ಬರೀ ಆ ಹಾರಿಹೋಗುವ ಭಾಗ. ಕಾಫಿ ಬೀಜ ಮೂಸಿದರೆ ಮೂಗು ತಿಳಿಯಾಗುತ್ತೆ ಅಂತಾರೆ, ನನಗೇನೂ ಆಗಲಿಲ್ಲ. ಸೆಂಟು ತಾಗದ ಕಡೆ ನಮ್ಮದೇ ತೋಳು ಮೂಸಿಕೊಂಡರೆ ಸಾಕು.

ಡಿಯೋ ವಿಷಯ ಬೇಗ ಮುಗಿಸುತ್ತೇನೆ. ಆಕ್ಸ್, ಫಾಗ್, ವೈಲ್ಡ್ ಸ್ಟೋನ್, ಎಲ್ಲಾ ಆಯಿತು. ಜಿಮ್ಮಿಗೆ ಓಕೆ. ಫಾಗ್‌ನವರು 'ಗ್ಯಾಸ್ ಇಲ್ಲ' ಎಂದು ಹೇಳಿಕೊಂಡೇ ಮಾರುಕಟ್ಟೆ ಹಿಡಿದರು. ನನ್ನ ಮಟ್ಟಿಗೆ ಅದು ಬೇರೆಯವಕ್ಕಿಂತ ಜಾಸ್ತಿ ಹೊತ್ತು ನಿಂತಿದ್ದೂ ನಿಜ. ಆದರೆ ಮಧ್ಯಾಹ್ನದ ಹೊತ್ತಿಗೆ ಮೂರೂ ಒಂದೇ ಥರ, ಸೋಪಿನ ಪುಡಿಯ ಹಾಗೆ ಉಳಿದವು.

ಯಾಕೆ ಹಾಗೆ ಅಂತ ಓದುತ್ತಾ ಹೋದಾಗ ಡೇವಿಡಾಫ್ ಕಂಪನಿಯ ಕೂಲ್ ವಾಟರ್ ಎಂಬ ಪರ್ಫ್ಯೂಮ್ ಸಿಕ್ಕಿತು. 1988ರಲ್ಲಿ ಬಂದದ್ದು, ಮಾಡಿದವರು ಪಿಯೆರ್ ಬೂರ್ಡೋನ್. ಅದರ ಜೀವಾಳ ಡೈಹೈಡ್ರೋಮಿರ್ಸಿನಾಲ್ ಎಂಬ ರಾಸಾಯನಿಕ. ತಣ್ಣಗಿನ, ಚೂರು ನಿಂಬೆ, ಚೂರು ಲೋಹದ ಹಾಗಿನ ಘಾಟು. ಅದು ಅಗ್ಗದ ಸರಕು, ಹಾಗಾಗಿ ಸೋಪು, ಶಾಂಪೂ, ಬಟ್ಟೆ ಒಗೆಯುವ ಪುಡಿ, ಎಲ್ಲದಕ್ಕೂ ಸುರಿಯುತ್ತಾರೆ. ಈಗ ಕೂಲ್ ವಾಟರ್ ಹಾಕಿಕೊಂಡರೆ ನನ್ನ ತಮ್ಮ 'ಅಣ್ಣಾ, ಈಗ ತಾನೇ ಬಟ್ಟೆ ಒಗೆದ್ಯಾ?' ಅಂತಾನೆ. ಪಾಪ, ಅದರ ತಪ್ಪೇನಿದೆ! ಎಲ್ಲರೂ ಅದನ್ನೇ ಕಾಪಿ ಹೊಡೆದರು.

ಇದೇ ಕಥೆ ಈಗ ಡಿಯೋರ್ ಕಂಪನಿಯ ಸೊವಾಜ್ ಎಂಬ ಪರ್ಫ್ಯೂಮಿಗೆ ಆಗುತ್ತಿದೆ. 2015ರದ್ದು. 100 ಎಂಎಲ್‌ಗೆ ಹತ್ತು ಸಾವಿರ ದಾಟುತ್ತೆ, ಹಾಗಾಗಿ ನಾನು ಸಣ್ಣ ಸ್ಯಾಂಪಲ್ ತಂದು ನೋಡಿದ್ದು. ಶುರುವಿನಲ್ಲಿ ಮೆಣಸು ಮತ್ತು ಬರ್ಗಮಾಟ್. ಬರ್ಗಮಾಟ್ ಗೊತ್ತಿಲ್ಲದವರು ಹೇರಳೆಕಾಯಿ ಸಿಪ್ಪೆ ಚಿವುಟಿ ಮೂಸಿ, ಹತ್ತಿರ ಹತ್ತಿರ ಅದೇ. ಆಮೇಲೆ ಪೂರ್ತಿ ಆಂಬ್ರಾಕ್ಸಾನ್. ತಿಮಿಂಗಿಲದಿಂದ ಸಿಗುವ ಅಂಬರಿನ ಬದಲಿಗೆ ಬಳಸುವ ವಸ್ತು ಇದು, ಕ್ಲೇರಿ ಸೇಜ್ ಅನ್ನುವ ಗಿಡದ ಸಾರದಿಂದಲೂ ತಯಾರಾಗುತ್ತೆ. ಇದರ ಒಂದು ಕಾಟ ಅಂದ್ರೆ ಹಾಕಿಕೊಂಡವರ ಮೂಗಿಗೆ ಸ್ವಲ್ಪ ಹೊತ್ತಲ್ಲೇ ಗೊತ್ತಾಗುವುದು ನಿಂತುಹೋಗುತ್ತೆ, ಪಕ್ಕದವರಿಗೆ ಮಾತ್ರ ಬರುತ್ತಲೇ ಇರುತ್ತೆ. ಹೋಯ್ತು ಅಂದುಕೊಂಡು ಮತ್ತೆ ಮತ್ತೆ ಹೊಡೆದುಕೊಳ್ಳುವವರು ಲಿಫ್ಟಿನಲ್ಲಿ ಸಿಗುತ್ತಾರೆ, ನಿಮಗೂ ಸಿಕ್ಕಿರಬೇಕು. ಚೆನ್ನಾಗಿದೆ, ಆದರೆ ಊರೆಲ್ಲಾ ಅದೇ ಇದೆ. (ಆರ್ಡರ್ ಮಾಡುವಾಗ ಹುಷಾರು, 'ಓ ಸೊವಾಜ್' ಎಂಬುದು 1966ರ ಬೇರೆಯದೇ ಪರ್ಫ್ಯೂಮ್, ಹಳೇ ಕಾಲದ ನಿಂಬೆ ಘಮದ್ದು. ನನಗೆ ಅದೇ ಹೆಚ್ಚು ಹಿಡಿಸಿತು.)

ಮುನ್ನೂರು ನಾನೂರಕ್ಕೆ ಸಿಗುವ 'ಸೊವಾಜ್ ಥರ' ಬಾಟಲಿಗಳನ್ನೂ ಎಡಗೈಗೆ ಹಾಕಿ ನೋಡಿದೆ. ಮೊದಲ ಹತ್ತು ನಿಮಿಷ ಕಣ್ಣು ಮುಚ್ಚಿ ಹೇಳು ಅಂದ್ರೆ ನಾನೇ ಗೊಂದಲಕ್ಕೆ ಬೀಳುತ್ತಿದ್ದೆ. ಕಾಫಿ ಹೊತ್ತಿಗೆ ಬಲಗೈಯಲ್ಲಿ ಇನ್ನೂ ಏನೋ ನಡೀತಾ ಇತ್ತು, ಎಡಗೈ ಖಾಲಿ. ಒಗ್ಗರಣೆ ಘಮಘಮ ಅಂತಿದೆ, ಆದರೆ ಉಪ್ಪಿಟ್ಟಿಗೆ ರವೆಯನ್ನೇ ಹಾಕಿಲ್ಲ.

ಸರಿ, ಅಗ್ಗದ್ದರಲ್ಲಿ ಶುರು ಚೆನ್ನಾಗಿರುತ್ತೆ, ಕೊನೆ ಇರುವುದಿಲ್ಲ ಅಂತ ಲೆಕ್ಕ ಹಾಕಿ ಕೂತೆ. ಅರ್ಮಾಫ್ ಕಂಪನಿಯ ಕ್ಲಬ್ ಡಿ ನ್ಯುಯಿ ಇಂಟೆನ್ಸ್ ಎಂಬ ಪರ್ಫ್ಯೂಮ್ ಬಂದು ಆ ಲೆಕ್ಕ ಕೆಡಿಸಿತು. ದುಬೈ ಕಡೆಯ ಮಾಲು, ಮೂರು ಸಾವಿರದ ಆಸುಪಾಸು. ಕ್ರೀಡ್ ಕಂಪನಿಯ ಅವೆಂಟಸ್ ಎಂಬ ದುಬಾರಿ ಪರ್ಫ್ಯೂಮಿಗೆ ಹತ್ತಿರ ಎಂದು ಹೆಸರು ಮಾಡಿದ್ದು. ಅವೆಂಟಸ್ ಬೆಲೆ ಮೂವತ್ತು ಸಾವಿರದ ಮೇಲೆ, ಅದನ್ನು ಏರ್‌ಪೋರ್ಟಿನ ಅಂಗಡಿಯಲ್ಲಿ ಸುಮ್ನೆ ಕೈಗೆ ಹಾಕಿಕೊಂಡು ವಿಮಾನ ಹತ್ತಿದ್ದೆ. ಅರ್ಮಾಫ್ ಶುರುವಿನಲ್ಲಿ ಪಾತ್ರೆ ತೊಳೆಯುವ ನಿಂಬೆ ಲಿಕ್ವಿಡ್ಡಿನ ಹಾಗೆ ಮೂಗಿಗೆ ಹೊಡೆಯುತ್ತೆ. ಇಪ್ಪತ್ತು ನಿಮಿಷ ತಡೆದುಕೊಂಡರೆ ಹೊಗೆ, ಮರ, ಹಣ್ಣು ಸೇರಿದ ಗಂಭೀರ ಘಮ. ಸಂಜೆಯವರೆಗೂ ಅಂಗಿಯಲ್ಲಿತ್ತು. ಮದುವೆ ಬಾಟಲಿ ಇದೇ ಅಂತ ತೀರ್ಮಾನ ಮಾಡಿದ್ದೇನೆ. ಛತ್ರ ತಲುಪುವ ಅರ್ಧ ಗಂಟೆ ಮುಂಚೆ ಹಾಕಬೇಕು, ಅಷ್ಟೇ.

ಆಫೀಸಿನದ್ದು ಇನ್ನೂ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಮುಂದಿರುವುದು ಟೆರ್ ದ್ ಎರ್ಮೆಸ್, 2006ರದ್ದು, ಜಾನ್ ಕ್ಲೋಡ್ ಎಲೆನಾ ಮಾಡಿದ್ದು. ಮೊದಲು ಕಿತ್ತಳೆ ಸಿಪ್ಪೆ, ಆಮೇಲೆ ಬಿಸಿಲಿಗೆ ಕಾದ ಕಲ್ಲು, ಕೊನೆಗೆ ಲಾವಂಚ. ನೀರಿನ ಮಡಕೆಗೆ ಹಾಕುವ, ಬೇಸಿಗೆಯಲ್ಲಿ ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಅದೇ ಲಾವಂಚದ ಬೇರು! ಏಪ್ರಿಲ್ ಬಿಸಿಲಿನಲ್ಲಿ ಸೊವಾಜ್ ಜೋರಾಯಿತು, ಇದು ಒಂಚೂರೂ ಕಾಟ ಕೊಡಲಿಲ್ಲ. ಒಂದೇ ಅಡ್ಡಿ ಬೆಲೆ.

ಹಾಗಾಗಿ ಮೈಸೂರಿಗೆ ಹೋದಾಗ ದೇವರಾಜ ಮಾರ್ಕೆಟ್ಟಿನಲ್ಲಿ ಲಾವಂಚದ ಅತ್ತರು ತಂದೆ. ಗಂಧದ್ದೂ ಕೇಳಿದೆ. ನಿಜವಾದ ಗಂಧದೆಣ್ಣೆಯ ರೇಟು ನೋಡಿದರೆ ಡಿಯೋರೇ ಅಗ್ಗ ಅನ್ನಿಸುತ್ತೆ. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ಊರಿನಲ್ಲೇ ಈ ಸ್ಥಿತಿ. ಲಾವಂಚದ್ದು ಶುರುವಿನಲ್ಲಿ ಒದ್ದೆ ಮಣ್ಣು ವಾಸನೆ, ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಒಂದು ಗಂಟೆ ಕಳೆದ ಮೇಲೆ ಟೆರ್‌ನ ಕೊನೆಯ ಭಾಗಕ್ಕೆ ಎಷ್ಟು ಹತ್ತಿರ ಬಂತು ಅಂದ್ರೆ, ಮೇಲೆ ಕಿತ್ತಳೆ ಒಂದು ಬೇಕಿತ್ತು ಅಷ್ಟೇ.

ಈಗ ಅದನ್ನೇ ಮಾಡಿ ನೋಡುತ್ತಿದ್ದೇನೆ. ಕೆಳಗೆ ಮಣಿಕಟ್ಟಿಗೆ ಅತ್ತರು ಒಂದೇ ಹನಿ, ಮೇಲೆ ಅಂಗಿಗೆ ಯಾವುದಾದರೂ ಅಗ್ಗದ ಕಿತ್ತಳೆ ಕಲೋನ್ (ತೆಳು ಸೆಂಟು). ಅಗ್ಗದ್ದು ಶುರುವಿನಲ್ಲಿ ತಾನೇ ಗಟ್ಟಿ, ಆ ಕೆಲಸ ಅದು ಮಾಡಲಿ. ಬಿಳಿ ಅಂಗಿಗೆ ಅತ್ತರು ತಾಗಿದರೆ ಕಲೆ ಕೂರುತ್ತೆ, ಅದೊಂದು ನೋಡಿಕೊಳ್ಳಬೇಕು. ಮುಂದಿನ ಸಲ ಗೆರ್ಲಾನ್ ಕಂಪನಿಯ ವೆಟಿವರ್ (ಅಂದ್ರೆ ಲಾವಂಚವೇ) ಪರ್ಫ್ಯೂಮಿನ ಸ್ಯಾಂಪಲ್ ಸಿಕ್ಕರೆ ಅದನ್ನು ಬಲಗೈಗೆ, ಈ ಜೋಡಿಯನ್ನು ಎಡಗೈಗೆ ಹಾಕಿ ಬರೆಯುತ್ತೇನೆ.