ಬ್ಯಾಟಲ್ ಕ್ಯಾಂಪ್ ಎನ್ನುವ ಹೆಸರು

ರಾತ್ರಿ ಸುಮ್ನೆ ಆಸ್ಟ್ರೇಲಿಯಾದ ನಕ್ಷೆ ನೋಡುತ್ತಾ ಕೂತಿದ್ದೆ. ಕ್ವೀನ್ಸ್‌ಲ್ಯಾಂಡಿನ ಉತ್ತರದಲ್ಲಿ, ಕುಕ್‌ಟೌನ್ ಕಡೆಯಿಂದ ಒಳನಾಡಿಗೆ ಹೋಗುವ ಒಂದು ರಸ್ತೆ. ಹೆಸರು ಬ್ಯಾಟಲ್ ಕ್ಯಾಂಪ್ ರೋಡ್. ಬೆರಳು ಅಲ್ಲೇ ನಿಂತಿತು.

1873ರಲ್ಲಿ ಅಲ್ಲಿನ ಪಾಮರ್ ನದಿಯಲ್ಲಿ ಚಿನ್ನ ಸಿಕ್ಕಿತು. ಹಡಗಿನಿಂದ ಇಳಿದವರು ಕುದುರೆ, ಬಂದೂಕು ಸಮೇತ ಒಳಗೆ ನುಗ್ಗಿದರು. ಆ ನವೆಂಬರ್‌ನ ಒಂದು ನಸುಕಿನಲ್ಲಿ ಆ ನೆಲದ ಮೂಲನಿವಾಸಿಗಳು ಈಟಿ ಹಿಡಿದು ಎದುರು ಬಂದರು. ಈಟಿ ಎಷ್ಟು ದೂರ ಹೋಗುತ್ತದೆ, ಗುಂಡು ಎಷ್ಟು ದೂರ ಹೋಗುತ್ತದೆ? ಅವರದೇ ನೆಲ ಅಲ್ವಾ ಅದು! ಸತ್ತವರ ಸರಿಯಾದ ಲೆಕ್ಕವನ್ನು ಯಾರೂ ಇಡಲಿಲ್ಲ. ಚಿನ್ನವನ್ನು ಮಾತ್ರ ಔನ್ಸ್ ಲೆಕ್ಕದಲ್ಲಿ ತೂಗಿ ಬರೆದಿಟ್ಟರು.

ನನ್ನ ಬೆರಳಲ್ಲಿ ಅಮ್ಮ ಕೊಟ್ಟ ಉಂಗುರ ಇದೆ. ಅದನ್ನೇ ತಿರುಗಿಸುತ್ತಾ ತುಂಬಾ ಹೊತ್ತು ಕೂತಿದ್ದೆ.