ಹತ್ತೊಂಬತ್ತು ಸೆಕೆಂಡ್

ತಿಪಟೂರಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಡಿಸ್ಪ್ಲೇ ಹಾಕಿದ ಮೇಲೆ ಸ್ಪೀಕರ್ ಸರಿಯಿದೆಯಾ ಅಂತ ನೋಡೋಕೆ ರಿಂಗ್‌ಟೋನ್ ಹಾಕಿ ಕೇಳಲೇಬೇಕು. 2022ರ ಕೊನೆಗೆ ಬರುವಷ್ಟರಲ್ಲಿ ಅದೊಂದು ಕೆಲಸ ನನ್ನ ಕೈಲಿ ಆಗುತ್ತಿರಲಿಲ್ಲ. ಒಂದು ಕಂಪನಿ ಫೋನಿನ ಮಾಮೂಲಿ ಟೋನ್ ಹೊಡೆದುಕೊಂಡರೆ ಸಾಕು, ಟ್ವೀಜರ್ ಹಿಡಿದ ಕೈ ನಡುಗಿ ಎಳ್ಳಿನಷ್ಟಿರೋ ಸ್ಕ್ರೂ ಎಲ್ಲೋ ಹಾರಿ ಬೀಳೋದು. ಹುಡುಕೋಕೆ ಅಂತಲೇ ಅಂಗಡಿ ಹುಡುಗ ಒಂದು ಹಳೇ ಸ್ಪೀಕರಿನ ಅಯಸ್ಕಾಂತ ಇಟ್ಟುಕೊಂಡಿದ್ದ. ಪಾಪ, ಒಂದು ದಿನವೂ ಯಾಕಣ್ಣ ಅಂತ ಕೇಳಲಿಲ್ಲ.

ಎದೆ ಹಾರುತ್ತೆ, ಬೆವರುತ್ತೆ, ಹಾರ್ಟಿಂದೇ ಇರಬೇಕು ಅಂದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದೆ. ಇಸಿಜಿ ನಾರ್ಮಲ್. ಡಾಕ್ಟರು ಚೀಟಿ ಬರೀತಾ ಬರೀತಾ "ಮನೇಲಿ ಏನಾದ್ರೂ ಆಗಿತ್ತೇನ್ರಿ?" ಅಂದರು. "ಏನಿಲ್ಲ ಸಾರ್. ಅಕ್ಕ ತೀರ್ಕೊಂಡ್ರು, ಅದೂ ಒಂದೂವರೆ ವರ್ಷ ಆಯ್ತು." ಪೆನ್ನು ನಿಂತಿತು. "ಮಂಗಳವಾರ ಬನ್ನಿ" ಅಂದರು.

ಮಂಗಳವಾರ ಅಂದರೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ. ಅವತ್ತು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಯಾರೂ ಗುರುತು ಹಿಡಿಯಬಾರದು ಅಂತ ಮಾಸ್ಕು, ಟೋಪಿ ಹಾಕಿಕೊಂಡು ಹೋದೆ. ಸಾಲಲ್ಲಿ ಇಬ್ಬರು ನನ್ನ ಗಿರಾಕಿಗಳೇ. ಒಬ್ಬರು ಮುಂದಕ್ಕೆ ಬಾಗಿ "ನನ್ ಫೋನ್ ರೆಡಿ ಆಯ್ತಾ?" ಅಂತ ಕೇಳಿದರು. ನಾಚಿಕೆ ಅರ್ಧ ಅಲ್ಲೇ ಇಳಿದುಹೋಯಿತು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಬೇಗ ಹೋಗಿದ್ದರಿಂದ ನನಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು ಅವಳೇ. 2021ರ ಮೇ ತಿಂಗಳು, ಎರಡನೇ ಅಲೆ. ಬೆಳಿಗ್ಗೆ 6ರಿಂದ 10ರವರೆಗೆ ದಿನಸಿ ಅಂಗಡಿ ಬಿಟ್ಟರೆ ಊರೆಲ್ಲ ಬಂದ್. ಭಾವನಿಗೂ ಪಾಸಿಟಿವ್ ಬಂದು ಮನೆಯಲ್ಲೇ ಮಲಗಿದ್ದರು. ಅಕ್ಕನನ್ನು ದೂರದ ಒಂದು ಆಸ್ಪತ್ರೆಗೆ ಸೇರಿಸಿದವನು ನಾನು, ಹೊರಗೆ ಕಾರಲ್ಲಿ ಮಲಗುತ್ತಿದ್ದವನೂ ನಾನು. ನಾಲ್ಕನೇ ರಾತ್ರಿ 11.10ಕ್ಕೆ ಅವಳ ಫೋನು ಬಂದಿದೆ. ಸೈಲೆಂಟಲ್ಲಿತ್ತು, ನನಗೆ ನಿದ್ದೆ. ಆಮೇಲೆ ಒಂದು ವಾಯ್ಸ್ ಮೆಸೇಜು, ಹತ್ತೊಂಬತ್ತು ಸೆಕೆಂಡಿಂದು. ಮಧ್ಯೆ ಎಚ್ಚರವಾಗಿ ಟೈಮ್ ನೋಡಿದವನು ಅದನ್ನು ನೋಡದೆ ಫೋನಿನ ಸೌಂಡ್ ಮಾತ್ರ ಜೋರು ಮಾಡಿ ಮತ್ತೆ ಮಲಗಿದ್ದೇನೆ. 2.40ಕ್ಕೆ ಆಸ್ಪತ್ರೆಯಿಂದ ಕಾಲ್ ಬಂತು. ಆ ಟೋನ್‌ಗೇ ಎದ್ದಿದ್ದು.

ಮುಖ ತೋರಿಸಲಿಲ್ಲ. ಜಿಪ್ ಎಳೆದ ಚೀಲ, ಮೇಲೊಂದು ಹೆಸರಿನ ಚೀಟಿ, ಅದರಲ್ಲಿ ಇನಿಶಿಯಲ್ ತಪ್ಪು. ಒಂದು ಪ್ಲಾಸ್ಟಿಕ್ ಕವರಲ್ಲಿ ಅವಳ ಓಲೆ, ಫೋನು. ಫೋನು ಸ್ವಿಚ್ ಆಫ್. ತಿಥಿಗೆ ಐದೇ ಜನ.

ಆ ಮೆಸೇಜನ್ನು ನಾನು ಕೇಳಲಿಲ್ಲ. ವಾಟ್ಸಾಪಲ್ಲಿ ಕೇಳದೆ ಬಿಟ್ಟ ಮೆಸೇಜಿನ ಮೈಕು ಹಸಿರಾಗಿರುತ್ತೆ, ಕೇಳಿದ ಮೇಲೆ ನೀಲಿ. ಎರಡು ವರ್ಷ ಹಸಿರಾಗೇ ಇತ್ತು. ಮೂರು ತಿಂಗಳು ಬಳಸದಿದ್ದರೆ ಸಿಮ್ ಬಂದ್ ಆಗುತ್ತೆ ಅಂತ ಅವಳ ನಂಬರಿಗೆ ರೀಚಾರ್ಜ್ ಮಾಡುತ್ತಲೇ ಇದ್ದೆ, ಹೆಂಡತಿಗೂ ಹೇಳದೆ. ಅಕ್ಕನ ಮನೆ ಕಡೆ ಮಾತ್ರ ತಲೆ ಹಾಕಲಿಲ್ಲ. ಅವಳೇ ನಿಂತು ಅಟ್ಟಕ್ಕೆ ಹಾಕಿಸಿದ್ದ ತೆಂಗಿನಕಾಯಿ ಉಂಡೆಕೊಬ್ಬರಿ ಆಗಿ ವರ್ಷವಾದರೂ ಭಾವ ಇಳಿಸಿಲ್ಲ ಅಂತ ಯಾರೋ ಹೇಳಿದ್ದರು. ಕೌಟಾಗಿ ಹೋಗಿರುತ್ತೆ ಅಂದುಕೊಂಡು ಸುಮ್ಮನಾದೆ.

ಮನೋವೈದ್ಯರು ಎರಡು ತಿಂಗಳಿಗೆ ಮಾತ್ರೆ ಬರೆದು, ತುಮಕೂರಲ್ಲಿ ಆಪ್ತಸಮಾಲೋಚನೆ ಮಾಡುವ ಮೇಡಂ ಹತ್ತಿರ ಕಳಿಸಿದರು. ಬೆಳಗಿನ ಟ್ರೈನು. ಬಾಣಸಂದ್ರ, ನಿಟ್ಟೂರು, ಗುಬ್ಬಿ ದಾಟೋವರೆಗೂ ಏನು ಹೇಳಬೇಕು ಅಂತ ಮನಸ್ಸಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ದುಃಖಕ್ಕೆ ಐದು ಹಂತ ಇವೆ ಅಂತ ಇಂಟರ್ನೆಟ್ಟಲ್ಲಿ ಓದಿ, ನಾನು ಎಷ್ಟನೇದರಲ್ಲಿದ್ದೀನಿ ಅಂತ ಬರೆದುಕೊಂಡೂ ಹೋಗಿದ್ದೆ. ಮೇಡಂ ನಕ್ಕರು. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಎದುರಿಗಿದ್ದ ರೋಗಿಗಳನ್ನು ನೋಡಿ, ಉಳಿದವರನ್ನು ಅಳೆಯೋಕಲ್ಲ ಅಂದರು. ಬಹಳಷ್ಟು ಜನಕ್ಕೆ ದುಃಖ ತಾನಾಗೇ ಸಡಿಲವಾಗುತ್ತೆ, ಕೆಲವರಿಗೆ ಗಂಟು ಬಿದ್ದು ನಿಲ್ಲುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ 2022ರಿಂದ ಅದಕ್ಕೊಂದು ಹೆಸರಿದೆ ಅಂತ ತಿಳಿಸಿದರು. ನನಗೆ ಬಂದಿರೋದಕ್ಕೆ ಹೆಸರಿದೆ ಅಂತ ಗೊತ್ತಾಗಿ ಯಾಕೋ ಸಮಾಧಾನವಾಯಿತು. ಬೋರ್ಡಲ್ಲಿ ಶಾರ್ಟ್ ಎಲ್ಲಿದೆ ಅಂತ ಸಿಕ್ಕಿದ ಹಾಗೆ.

ಉಪದೇಶ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ಮೂರ್ನಾಲ್ಕು ಸಲ ಅಕ್ಕನ ಬಗ್ಗೆ, ನಿದ್ದೆ ಬಗ್ಗೆ ಮಾತಾಡಿದ ಮೇಲೆ ಒಂದು ದಿನ ಹೇಳಿದರು: "ಕಣ್ಣು ಮುಚ್ಚಿ. ಆ ರಾತ್ರಿ ಈಗ ನಡೀತಿರೋ ಥರ ಹೇಳಿ. ನಿಮ್ಮ ಫೋನಲ್ಲೇ ರೆಕಾರ್ಡ್ ಮಾಡ್ಕೊಳ್ಳಿ, ಮನೇಲಿ ದಿನಾ ಒಂದು ಸಲ ಕೇಳಿ." ಎಷ್ಟು ಸಂಕಟ ಆಗ್ತಿದೆ, ನೂರಕ್ಕೆ ಎಷ್ಟು ಕೊಡ್ತೀರಿ ಅಂತ ನಡುನಡುವೆ ಕೇಳೋರು. ಮೊದಲ ದಿನ 95 ಅಂದೆ. ಇದೆಂಥ ಚಿಕಿತ್ಸೆ, ಹುಣ್ಣು ಕೆದಕೋದು ಅನ್ನಿಸಿ ಮುಂದಿನ ವಾರ ಹೋಗಲಿಲ್ಲ. ಅವರೇ ಫೋನ್ ಮಾಡಿ ಕರೆದರು.

ಆ ರೆಕಾರ್ಡಿಂಗುಗಳನ್ನು ಅಂಗಡಿ ಬಾಗಿಲು ಎಳೆದುಕೊಂಡು ಇಯರ್‌ಫೋನಲ್ಲಿ ಕೇಳುತ್ತಿದ್ದೆ. ಕೇಳ್ತಾ ಕೇಳ್ತಾ ಒಂದು ಗೊತ್ತಾಯಿತು: ಪ್ರತಿ ಸಲವೂ ನಾನು 2.40ರ ಕಾಲ್‌ನಿಂದಲೇ ಶುರು ಮಾಡುತ್ತಿದ್ದೆ. 11.10 ಅದರಲ್ಲಿ ಇರಲೇ ಇಲ್ಲ. ಮೇಡಂಗೂ ಅದು ಗೊತ್ತಿಲ್ಲ. ಆದರೂ ನಾನು ನಿಲ್ಲಿಸಿದಲ್ಲೆಲ್ಲ ಅವರು ಕೇಳುತ್ತಿದ್ದುದು ಎರಡೇ ಮಾತು. "ಆಮೇಲೆ?" ಇಲ್ಲಾ "ಅದಕ್ಕೂ ಮುಂಚೆ?" ಎರಡು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹೋದೋರು ಹೋದ್ರು ಬಿಡು, ಗಂಡಸು ನೀನೇ ಹಿಂಗಾದ್ರೆ ಹೆಂಗೆ, ಹಣೆಬರಹ. ಹೇಳಿದವರೆಲ್ಲ ಒಳ್ಳೆಯವರೇ. ಆದರೆ ಅವೆಲ್ಲ ಬಾಯಿ ಮುಚ್ಚಿಸುವ ಮಾತುಗಳು.

ಐದನೇ ಸಲ "ಅದಕ್ಕೂ ಮುಂಚೆ?" ಅಂದಾಗ ಹೇಳಿದೆ. ಫೋನ್ ತೆಗೆದು ಆ ಹಸಿರು ಮೈಕನ್ನೂ ತೋರಿಸಿದೆ. ಅದರಲ್ಲಿ ಏನಿದೆ ಅಂತ ಅಂದುಕೊಂಡಿದ್ದೀರಿ ಅಂತ ಕೇಳಿದರು. ಅಂದುಕೊಳ್ಳೋದೇನು, ನನಗೆ ಬಾಯಿಪಾಠವಾಗಿತ್ತು: ಉಸಿರು ಕಟ್ತಿದೆ ಕಣೋ, ಬೇಗ ಬಾ, ಎಲ್ಲಿದೀಯಾ. ಕೇಳಲೇಬೇಕು ಅಂತ ಅವರು ಹಟ ಮಾಡಲಿಲ್ಲ. ಮೂರು ವಾರ ಬಿಟ್ಟು ನಾನೇ ಅವರೆದುರಿಗೆ ಒತ್ತಿದೆ.

"ಲೋ, ಚಾರ್ಜರ್ ಮರ್ತು ಬಂದಿದೀನಿ ಕಣೋ. ಪಕ್ಕದೋರು ಅವ್ರದು ಕೊಡಲ್ಲ ಅಂತಾರೆ. ನಾಳೆ ಗಂಜಿ ತರೋವಾಗ ಒಂದು ತಗಂಡ್ ಬಾ, ಚಪ್ಪಟೆ ಪಿನ್ನಿಂದು..." ಕೆಮ್ಮು. "ನೀನು ಉಂಡ್ಯಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಬಂತು. ನನ್ನ ಅಂಗಡಿ ಗೋಡೆ ತುಂಬ ಚಾರ್ಜರ್ ನೇತಾಡುತ್ತವೆ! ತಪ್ಪಿತಸ್ಥ ಅನ್ನೋ ಭಾವನೆ ಅವತ್ತೇ ಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ಆ ಪಿನ್ನಿನ ಚಾರ್ಜರ್ ಮಾರುವಾಗ ಈಗಲೂ ಒಂದು ಕ್ಷಣ ಕೈ ತಡೆಯುತ್ತೆ. ಆದರೆ ರಾತ್ರಿ ಎಲ್ಲಿದೀಯಾ ಅಂತ ಕೂಗುತ್ತಿದ್ದವಳು ಮತ್ತೆ ಬರಲಿಲ್ಲ. ಉಂಡ್ಯಾ ಅಂತ ಕೇಳೋ ಅಕ್ಕ ಉಳಿದಳು. ಸೆಷನ್ನುಗಳು ಒಟ್ಟು ಹದಿನಾಲ್ಕಾದವು. ರಿಂಗ್‌ಟೋನಿಗೆ ಕೈ ನಡುಗೋದು ನಿಧಾನಕ್ಕೆ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ.

ಇದನ್ನೆಲ್ಲ ಓದಿ, ತುಮಕೂರಿಗೆ ಓಡಾಡೋಕೆ ನಮ್ಮ ಕೈಲಾಗಲ್ಲ ಅನ್ನೋರು 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೇಡಂ ರಜೆಯಲ್ಲಿದ್ದಾಗ ಒಂದು ರಾತ್ರಿ ನಾನೂ ಮಾಡಿದ್ದೆ.

ಸಿಮ್ಮಿನ ವಿಷಯ ಮರೆತೆ. ರೀಚಾರ್ಜ್ ನಿಲ್ಲಿಸಿ ಅಂತ ಮೇಡಂ ಒಂದು ದಿನವೂ ಹೇಳಲಿಲ್ಲ. ಹೆಂಡತಿಗೆ ಹೇಳಿದೆ, ಅವಳು ಅಕ್ಕನ ಮಗಳಿಗೆ ಹೇಳಿದಳು. ಅಮ್ಮನ ನಂಬರ್ ನಂಗೇ ಬೇಕು ಅಂತ ಹುಡುಗಿ ಬಂದು ಇಸಕೊಂಡು ಹೋದಳು. ನನ್ನ ಫೋನಲ್ಲಿ ಹೆಸರು ಬದಲಾಯಿಸಿರಲಿಲ್ಲ. ಮಾರನೇ ವಾರ ಬೋರ್ಡಿಗೆ ಬೆಸುಗೆ ಹಾಕುತ್ತಾ ಕೂತಿದ್ದಾಗ ಸ್ಕ್ರೀನ್ ಮೇಲೆ "ಅಕ್ಕ" ಅಂತ ಬಂತು. ಎರಡನೇ ರಿಂಗಿಗೇ ತೆಗೆದೆ.

"ಮಾಮ, ಅಟ್ಟದ ಕಾಯಿ ಇಳ್ಸೋಕೆ ಆಳು ಸಿಕ್ಕವ್ರೆ. ಭಾನುವಾರ ಬತ್ತೀಯಾ?"